ಮನೆಗೊಂದು ವೆಲ್ಡಿಂಗ್ ಯಂತ್ರ

ನಿವೃತ್ತನಾದ ಮೇಲೆ ಧಾರವಾಡದ ನಮ್ಮ ಮನೆಯ ಹಿತ್ತಲಿನಲ್ಲಿ ಚಿಕ್ಕದೊಂದು ಕಾರ್ಯಾಗಾರ ಮಾಡಿಕೊಳ್ಳಬೇಕೆಂಬ ಹಂಬಲ ನನಗೆ ಬಹುದಿನಗಳಿಂದ ಇದ್ದಿತು. ಮರಗೆಲಸದ ಸಾಮಾನುಗಳೇನೋ ಕೂಡಿದವು. ಕಬ್ಬಿಣ ಮಾತ್ರ ನನ್ನ ಮಾತು ಕೇಳಲಿಲ್ಲ. ಗೇಟಿನ ಬಿಜಾಗರಿ, ಹೂಕುಂಡದ ಸ್ಟ್ಯಾಂಡು, ಮಂಚದ ಕಾಲು ಎಂದು ವರ್ಷಕ್ಕೆ ನಾಲ್ಕಾರು ಸಲ ಅಂಗಡಿಯ ಮುಂದೆ ಕಾಯುವುದಕ್ಕಿಂತ ನಾನೇ ಒಂದು ಯಂತ್ರವನ್ನು ಕೊಳ್ಳುವೆನೆಂದೆ. ಮನೆಯಾಕೆ, “ಈ ವಯಸ್ಸಿನಾಗ ಬೆಂಕಿ ಜೋಡಿ ಆಟ ಯಾಕ್ರಿ?” ಎಂದಳು. ನಾನು ಕಿವಿಗೊಡಲಿಲ್ಲ.

ಮೊದಲು ಕಣ್ಣಿಗೆ ಬಿದ್ದುದು ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರ. ಕಡಿಮೆ ಬೆಲೆ, ಗಟ್ಟಿಮುಟ್ಟು. ಆದರೆ ಎತ್ತಲು ಇಬ್ಬರು ಬೇಕು. ನಮ್ಮ ಓಣಿಯ ವೆಲ್ಡಿಂಗ್ ಕೆಲಸಗಾರನು ನಕ್ಕು, “ಸರ್, ಅದನ್ನ ಹಚ್ಚಿದ್ರ ನಿಮ್ಮ ಮನಿ ಫ್ಯೂಸ್ ಹಾರ್ತಾವ. ಇನ್ವರ್ಟರ್ ತೊಗೋರಿ” ಎಂದನು. ಇನ್ವರ್ಟರ್ ಯಂತ್ರವು ವಿದ್ಯುತ್ತನ್ನು ಕ್ಷಣಕ್ಕೆ ಸಾವಿರಾರು ಬಾರಿ ಕಡಿದು ಜೋಡಿಸುವುದರಿಂದ ಅದರೊಳಗಿನ ಟ್ರಾನ್ಸ್‌ಫಾರ್ಮರ್ ಅಂಗೈಯಗಲಕ್ಕೆ ಇಳಿಯುತ್ತದೆ. ಹೀಗಾಗಿ ಅದನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದು. ಅನಿಲದ ಸಿಲಿಂಡರ್ ಬೇಡುವ ಮಿಗ್ ಯಂತ್ರವು ದಿನವೂ ದುಡಿಯುವವರಿಗೆ ಸರಿ. ಗಾಳಿ ಬೀಸುವ ಹಿತ್ತಲಿಗಲ್ಲ.

ಡಬ್ಬಿಯ ಮೇಲೆ 200 ಆಂಪಿಯರ್ ಎಂದಿರುವುದನ್ನು ಕಂಡು ಮರುಳಾಗಬಾರದೆಂಬುದು ನಾನು ಕಲಿತ ಪಾಠ. ಮನೆಯ ತೆಳ್ಳನೆಯ ಚೌಕ ಪೈಪಿಗೆ 2.5 ಮಿ.ಮೀ. ರಾಡು, ಸುಮಾರು 80 ಆಂಪಿಯರ್ ಸಾಕು. ಹೆಚ್ಚಿಸಿದರೆ ಪೈಪು ತೂತಾಗುತ್ತದೆ. ಈ 80 ಆಂಪಿಯರ್ ರಾಡಿನ ತುದಿಯದು. ಅಲ್ಲಿ ಒತ್ತಡ ಇಪ್ಪತ್ತು ಚಿಲ್ಲರೆ ವೋಲ್ಟ್ ಮಾತ್ರವಾದ್ದರಿಂದ ಗೋಡೆಯ 16 ಆಂಪಿಯರ್ ಪ್ಲಗ್ಗು ಅದನ್ನು ತಾಳಿಕೊಳ್ಳುತ್ತದೆ. 200ಕ್ಕೆ ತಿರುಗಿಸಿದರೆ ತಾಳದು. ಹಳೆಯ ಮನೆಯಾದರೆ ತಂತಿಯನ್ನೂ ಅರ್ಥಿಂಗನ್ನೂ ಮೊದಲು ಪರೀಕ್ಷೆ ಮಾಡಿಸಬೇಕು. ನಾನು ಮೀಟರಿನಿಂದ ಪ್ರತ್ಯೇಕ ತಂತಿಯನ್ನೇ ಎಳೆಸಿದೆ. ಯಂತ್ರದ ಮೇಲೆ 60 ಪ್ರತಿಶತ ಎಂದಿದ್ದರೆ, ಆ ಆಂಪಿಯರಿನಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷ ಮಾತ್ರ ಸುಡಬಹುದೆಂದು ಅರ್ಥ. ನನ್ನಂಥವನು ಎರಡು ನಿಮಿಷ ಸುಟ್ಟು ಹತ್ತು ನಿಮಿಷ ಚಿಂತಿಸುವವನು. ನನಗೆ ಅದೇ ಹೆಚ್ಚಾಯಿತು.

ಇಷ್ಟೆಲ್ಲ ಲೆಕ್ಕ ಹಾಕಿದವನು ಮುಖವಾಡದಲ್ಲಿ ಜಿಪುಣತನ ಮಾಡಿದೆ. ಯಂತ್ರದೊಡನೆ ಬಂದ ಕೈಮುಸುಕನ್ನು ಹಿಡಿದರೆ ಪೈಪು ಹಿಡಿಯಲು ಕೈಯಿಲ್ಲ. “ಎರಡು ಚುಕ್ಕೆ ತಾನೇ” ಎಂದು ತಂಪು ಕನ್ನಡಕ ಹಾಕಿಕೊಂಡೆ. ಮೊಮ್ಮಗ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಆಗ ಏನೂ ಆಗಲಿಲ್ಲ. ನಡುರಾತ್ರಿ ಕಣ್ಣೊಳಗೆ ಮರಳು ಸುರಿದಂತಾಗಿ, ರೆಪ್ಪೆ ತೆರೆಯಲಾಗದೆ ನೀರು ಸುರಿಯತೊಡಗಿತು. ನನ್ನ ನೋವಿಗಿಂತ ಹುಡುಗನ ನೆನಪು ನನ್ನನ್ನು ಸುಟ್ಟಿತು. ಅವಳು ದೀಪ ಹಚ್ಚಿ ಅವನ ಕಣ್ಣು ನೋಡಿ ಬಂದು, “ಅವಂಗೇನೂ ಆಗಿಲ್ಲ. ನೀವು ಕಿಡಿ ಹಾರಿಸೂಕಿಂತ ಮೊದಲ ನಾನು ಉಣ್ಣಾಕ ಕರದಿದ್ದೆ” ಎಂದಳು. ಕತ್ತಲಿನಲ್ಲಿ ನಾನು ಮಾತಾಡಲಿಲ್ಲ.

ಬೆಳಗಿನ ಕಿಡಿಯ ಅತಿನೇರಳೆ ಕಿರಣವು ಕಣ್ಣಿನ ಪಾರದರ್ಶಕ ಪೊರೆಯನ್ನು ಬಿಸಿಲಿನಂತೆ ಸುಡುತ್ತದೆ, ಉರಿ ಗಂಟೆಗಳು ಕಳೆದ ಮೇಲೆ ಏಳುತ್ತದೆ ಎಂದು ವೈದ್ಯರು ತಿಳಿಸಿದರು. ಎರಡು ದಿನಗಳಲ್ಲಿ ವಾಸಿಯಾಯಿತು. ಮೂರನೆಯ ದಿನ, ತಲೆಗೆ ತೊಡುವ, ಕಿಡಿ ಕಂಡೊಡನೆ ತಾನೇ ಕಪ್ಪಾಗುವ 10ನೆಯ ಛಾಯೆಯ ಮುಖವಾಡ, ತೊಗಲಿನ ಕೈಚೀಲ, ಹತ್ತಿಯ ತುಂಬುತೋಳಿನ ಅಂಗಿ ತಂದೆ. ಸತುವಿನ ಲೇಪವಿರುವ ಜಿ.ಐ. ಪೈಪನ್ನು ಮುಟ್ಟುವುದಿಲ್ಲ, ಅದರ ಹೊಗೆ ಜ್ವರ ತರಿಸುತ್ತದೆ. ಮಳೆಗಾಲದಲ್ಲಿ ರಾಡುಗಳು ತೇವ ಹಿಡಿಯದಿರಲೆಂದು ಹಪ್ಪಳದ ಡಬ್ಬಿಯನ್ನು ಕೇಳಿ ಪಡೆದಿದ್ದೇನೆ.

ಈಗ ಗೋಡೆಯ ಗೂಟಕ್ಕೆ ಎರಡು ಮುಖವಾಡಗಳಿವೆ. ಗೇಟಿನ ಬಿಜಾಗರಿ ಕೂಡಿಸುವಾಗ ಪೈಪು ಹಿಡಿಯಲು ಒಬ್ಬರು ಬೇಕಾಗಿತ್ತು. “ಅತ್ತ ಸರೀರಿ, ಸೊಟ್ಟಾಗೇತಿ” ಎನ್ನುವ ಧ್ವನಿ ಎರಡನೆಯ ಮುಖವಾಡದೊಳಗಿನಿಂದ ಬರುತ್ತದೆ.