ತಾಳೆ ನೋಡುವದು



ಪರೀಕ್ಷೆಯ ಕಡೆಯ ಗಂಟೆ ಬಾರಿಸಿ, ಉತ್ತರಪತ್ರಿಕೆಗಳನ್ನು ಒಪ್ಪಿಸಿ ಹೊರಗೆ ಬಂದ ಹುಡುಗಿಯರು ಮೊದಲು ಮಾಡುವ ಕೆಲಸವು ಯಾವದೆಂಬದನ್ನು ನಿಮಗೆ ಹೇಳಬೇಕಾಗಿಲ್ಲ. ನೀರು ಕುಡಿಯುವದಕ್ಕೂ ಮೊದಲು, ಬುತ್ತಿಯ ಗಂಟು ಬಿಚ್ಚುವದಕ್ಕೂ ಮೊದಲು, ನಾಲ್ಕೈದು ಮಂದಿ ಒಂದೆಡೆಗೆ ಕೂಡಿ, ಪ್ರಶ್ನಪತ್ರಿಕೆಯನ್ನು ನಡುವೆ ಹಿಡಿದು, ತಮ್ಮ ತಮ್ಮ ಉತ್ತರಗಳನ್ನು ತಾಳೆ ನೋಡುವರು. ಇತಿಹಾಸದ ಪತ್ರಿಕೆಯಾದ ಮೇಲೆ ಈ ಕೂಟವು ಬೇಗನೆ ಚದುರುವದು. ಕನ್ನಡದ ಪತ್ರಿಕೆಯಾದ ಮೇಲೆ ಅದು ಕೂಡುವದೇ ಅಪರೂಪ. ಗಣಿತ, ಭೌತಶಾಸ್ತ್ರಗಳ ದಿವಸ ಮಾತ್ರ ಅದು ಹೊತ್ತು ಮುಳುಗುವ ವರೆಗೂ ಮುಗಿಯದು. ಯಾತಕ್ಕಂದರೆ ಆ ವಿಷಯಗಳಲ್ಲಿ ಉತ್ತರವೆಂಬದು ಒಂದು ಅಂಕಿಯಾಗಿರುವದು. ಒಬ್ಬಳ ಅಂಕಿ ಸರಿಯಾದರೆ ಬೇರೆ ಅಂಕಿ ಬರೆದವಳದು ತಪ್ಪಾಗಲೇ ಬೇಕು.

ಹಿರಿಯರಿಗೆ ಈ ರೂಢಿಯು ಮೆಚ್ಚಿಗೆಯಾದುದಲ್ಲ. "ಆದದ್ದು ಆಗಿಹೋಯಿತು, ನಾಳಿನದನ್ನು ಓದು" ಎಂದು ತಾಯಿಯು ಗದರಿಸುವಳು. ಅಭ್ಯಾಸದ ಹೊತ್ತು ಹಾಳಾಗುವದೆಂದು ಬೋರ್ಡಿಂಗಿನ ಮೇಲ್ವಿಚಾರಕಿಯರು ಗುಂಪನ್ನು ಚದುರಿಸುವರು. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ತನ್ನ ಉತ್ತರವು ಉಳಿದವರ ಉತ್ತರಕ್ಕೆ ಕೂಡದೆಂದು ತಿಳಿದ ಹುಡುಗಿಯು ಅಂದಿನ ಊಟವನ್ನೂ ನಿದ್ದೆಯನ್ನೂ ಬಿಟ್ಟು, ಮರುದಿನದ ಪತ್ರಿಕೆಯನ್ನು ಸಹ ಕೆಡಿಸಿಕೊಂಡದ್ದನ್ನು ಕಾಣದ ಶಿಕ್ಷಕಿಯು ಯಾರು? ಆದರೂ ನಾನು ಇಂಥ ಮಿಶನ್ ಶಾಲೆಯಲ್ಲಿಯೇ ಕಲಿತು, ಮುಂದೆ ಅನೇಕ ವರುಷ ಹುಡುಗಿಯರಿಗೆ ವಿಜ್ಞಾನವನ್ನು ಕಲಿಸಿದವಳಾಗಿ, ಈ ತಾಳೆ ನೋಡುವ ಕೆಲಸದ ಪರವಾಗಿ ನಾಲ್ಕು ಮಾತುಗಳನ್ನು ಈ ಸಂಚಿಕೆಯಲ್ಲಿ ಬರೆಯಬೇಕೆಂದಿರುವೆನು. ಅದನ್ನು ಸರಿಯಾದ ವೇಳೆಯಲ್ಲಿ ಸರಿಯಾದ ರೀತಿಯಿಂದ ಮಾಡಿದರೆ, ವರ್ಗದಲ್ಲಿ ನಾವು ಒಂದು ತಿಂಗಳು ಹೇಳಿ ತಿಳಿಸಲಾರದ್ದನ್ನು ಅದು ಅರ್ಧ ತಾಸಿನಲ್ಲಿ ತಿಳಿಸಿಕೊಡುವದು.

ಪರೀಕ್ಷೆಯೆಂಬ ಶಬ್ದವನ್ನೇ ನೋಡಿರಿ. 'ಪರಿ' ಅಂದರೆ ಸುತ್ತಲೂ, 'ಈಕ್ಷಿಸು' ಅಂದರೆ ನೋಡು. ಒಂದು ವಸ್ತುವನ್ನು ಎಲ್ಲ ಮಗ್ಗುಲಿನಿಂದಲೂ ನೋಡುವದೇ ಪರೀಕ್ಷೆ. ಅಕ್ಕಸಾಲಿಗನು ಚಿನ್ನವನ್ನು ಒರೆಗೆ ಹಚ್ಚುವದೂ, ವೈದ್ಯರು ನಾಡಿಯನ್ನು ಹಿಡಿಯುವದೂ ಪರೀಕ್ಷೆಗಳೇ. ಆದರೆ ಶಾಲೆಯಲ್ಲಿ ಈ ಶಬ್ದವು ಕುಗ್ಗಿ ಕುಗ್ಗಿ, ಮೂರು ತಾಸು ಬರೆಯುವದು ಎಂಬಷ್ಟಕ್ಕೆ ನಿಂತುಬಿಟ್ಟಿದೆ. ಬರೆದ ಉತ್ತರವನ್ನು ಹಿಡಿದು ಗೆಳತಿಯೊಡನೆ ವಾದಿಸುವಾಗಲೇ ಹುಡುಗಿಯು ಆ ಶಬ್ದದ ಹಳೆಯ ಅರ್ಥಕ್ಕೆ ಮರಳುವಳೆಂದು ನನಗೆ ತೋರುವದು. ಇದಕ್ಕೆ ದೃಷ್ಟಾಂತವಾಗಿ ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುವೆನು.

ಗದಗದಿಂದ ಸುಮಾರು 26 ಕಿಲೋಮೀಟರಿನ ಮೇಲೆ, ಶಿರಹಟ್ಟಿಯ ತಾಲೂಕಿನಲ್ಲಿ, ಮಾಗಡಿಯೆಂಬ ಗ್ರಾಮವುಂಟು. ಅಲ್ಲಿಯ ಕೆರೆಯ ಹೆಸರು ಈಗ ದೇಶಾಂತರಗಳಲ್ಲಿಯೂ ಕೇಳಿಬಂದಿದೆ. ಪ್ರತಿ ಚಳಿಗಾಲದಲ್ಲಿ ತಲೆಯ ಮೇಲೆ ಕಪ್ಪು ಪಟ್ಟೆಗಳುಳ್ಳ ಹೆಬ್ಬಾತುಗಳು ಹಿಮಾಲಯವನ್ನು ದಾಟಿ, ಸಾವಿರ ಸಾವಿರವಾಗಿ ಬಂದು ಅಲ್ಲಿ ಇಳಿಯುವವು. 2024ರಲ್ಲಿ ಆ ಕೆರೆಯು ರಾಮ್‌ಸಾರ್ ಒಪ್ಪಂದದ ಯಾದಿಯಲ್ಲಿ ಸೇರಿತು. ಸುಮಾರು 50 ಹೆಕ್ಟೇರಿನ ಈ ಕೆರೆಯನ್ನು ಹಿಂದಿನವರು ಮಳೆಯ ನೀರನ್ನು ನಿಲ್ಲಿಸಿ ಹೊಲಗಳಿಗೆ ಬಿಡುವದಕ್ಕಾಗಿ ಕಟ್ಟಿದ್ದರು. ಆ ಊರಿನ ಒಬ್ಬ ಹುಡುಗಿಯು ನಮ್ಮ ಬೋರ್ಡಿಂಗಿನಲ್ಲಿದ್ದುಕೊಂಡು ಹತ್ತನೆಯ ವರ್ಗದಲ್ಲಿ ಕಲಿಯುತ್ತಿದ್ದಳು. ಮಾತು ಕಡಿಮೆ, ವರ್ಗದಲ್ಲಿ ಹಿಂದಿನ ಸಾಲು. ಹತ್ತನೆಯದು ಚೆನ್ನಾಗಿ ಪಾಸಾದರೆ ಕಾಲೇಜು, ಇಲ್ಲವಾದರೆ ಮನೆ ಎಂದು ಆಕೆಯ ತಂದೆಯು ಮೊದಲೇ ಹೇಳಿಟ್ಟಿದ್ದನು.

ಸಾರ್ವಜನಿಕ ಪರೀಕ್ಷೆಗೆ ಮುಂಚೆ ಶಾಲೆಯಲ್ಲಿ ನಡೆಯುವ ಪೂರ್ವಸಿದ್ಧತೆಯ ಪರೀಕ್ಷೆಯದು. ಭೌತಶಾಸ್ತ್ರದ ಭಾಗದಲ್ಲಿ ಹೀಗೊಂದು ಪ್ರಶ್ನೆ ಇತ್ತು: ತಿಳಿನೀರಿನ ಕೆರೆಯ ತಳವು ನೇರವಾಗಿ ಮೇಲಿನಿಂದ ನೋಡುವವನಿಗೆ 3 ಮೀಟರು ಆಳದಲ್ಲಿ ಇದ್ದಂತೆ ಕಾಣುವದು, ನೀರಿನ ವಕ್ರೀಭವನ ಸೂಚ್ಯಂಕವು 4/3 ಆದರೆ ನಿಜವಾದ ಆಳವೆಷ್ಟು? ಪತ್ರಿಕೆ ಮುಗಿದ ಮೇಲೆ ನಾನು ವರಾಂಡದಲ್ಲಿ ಉತ್ತರಪತ್ರಿಕೆಗಳ ಕಟ್ಟುಗಳನ್ನು ಎಣಿಸುತ್ತ ಕುಳಿತಿರಲು, ಹುಣಸೆಯ ಗಿಡದ ಕೆಳಗಿನ ಗುಂಪಿನ ಮಾತುಗಳು ಕಿವಿಗೆ ಬಿದ್ದವು.

"ಕೆರಿ ಲೆಕ್ಕಕ್ಕ ಏನ್ ಬಂತಬೇ ನಿಂದು?"

"ಎರಡೂಕಾಲು."

"ನಂದೂ ಅಷ್ಟ. ಮೂರನ್ನ ನಾಕು ಭಾಗಿಲೆ ಮೂರರಿಂದ ಭಾಗಿಸೀನಿ."

ಹೀಗೆ ನಾಲ್ವರು ಎರಡೂಕಾಲು ಮೀಟರು ಎಂದರು. ಅವರಲ್ಲಿ ವರ್ಗದ ಮೊದಲನೆಯ ಹುಡುಗಿಯೂ ಇದ್ದಳು. ಮಾಗಡಿಯವಳು ಮೆಲ್ಲನೆ, "ನಂಗ ನಾಕು ಬಂದೈತಿ" ಅಂದಳು. ಉಳಿದವರು ನಕ್ಕರು. ಆಕೆಯು ಮತ್ತೊಂದು ಸಾರೆ ಪತ್ರಿಕೆಯನ್ನು ನೋಡಿ, "ಹಂಗಾರ ನಂದ ತಪ್ಪಿರಬೇಕು" ಎಂದು ಪುಸ್ತಕಗಳನ್ನು ಒತ್ತಿ ಹಿಡಿದು ಎದ್ದಳು. ನಾಲ್ಕು ಮಂದಿಯ ಎದುರಿಗೆ ಒಬ್ಬಳು. ಅದರಲ್ಲಿಯೂ ಮೊದಲನೆಯ ನಂಬರಿನವಳ ಎದುರಿಗೆ ಹಿಂದಿನ ಸಾಲಿನವಳು. ಆಕೆಗೆ ತನ್ನ ಲೆಕ್ಕದ ತಪ್ಪನ್ನು ಯಾರೂ ತೋರಿಸಿಕೊಟ್ಟಿರಲಿಲ್ಲ. ಸಂಖ್ಯೆಯ ಬಲಕ್ಕೆ ಅಂಜಿ ತನ್ನ ಉತ್ತರವನ್ನು ತಾನೇ ಬಿಟ್ಟುಕೊಟ್ಟಳು.

ನಾನು ಕೆಳಗಿಳಿದು ಹೋಗಿ, ಯಾರದು ಸರಿಯೆಂದು ಹೇಳದೆ, "ನಾಕು ಹ್ಯಾಂಗ ಬಂತು, ಹೇಳವಾ" ಎಂದು ಆಕೆಯನ್ನು ಕೇಳಿದೆನು. ಆಕೆಯು ಸೂತ್ರವನ್ನು ಹೇಳದೆ ತನ್ನೂರಿನ ಮಾತನ್ನು ಹೇಳಿದಳು: "ಅಕ್ಕೋರ, ನಮ್ಮ ಕೆರಿಯಾಗ ನೀರು ತಿಳಿ ಇದ್ದಾಗ ಮೊಣಕಾಲಮಟ ಐತಿ ಅಂತ ಕಾಣತೈತ್ರಿ. ಕಾಲಿಟ್ಟರ ತೊಡಿಮಟ ಬರತೈತಿ. ಕಾಣೂದಕ್ಕಿಂತ ಖರೇ ಆಳ ಹೆಚ್ಚಿಗಿನ ಇರಬೇಕಲ್ರಿ? ಅದಕ್ಕ ನಾ ಗುಣಿಸೀನ್ರಿ."

ಅಡಿಗೆಯ ಮನೆಯಿಂದ ಒಂದು ಹಿತ್ತಾಳಿಯ ಬೋಗುಣಿಯನ್ನು ತರಿಸಿದೆವು. ಅದರ ತಳದಲ್ಲಿ ಒಂದು ರೂಪಾಯಿಯ ನಾಣ್ಯವನ್ನಿಟ್ಟು, ನಾಲ್ವರನ್ನೂ ಸರದಿಯಂತೆ ನಿಲ್ಲಿಸಿ, ಬೋಗುಣಿಯ ಅಂಚು ನಾಣ್ಯವನ್ನು ಮರೆಮಾಡುವ ವರೆಗೆ ಹಿಂದೆ ಸರಿಯಲು ಹೇಳಿದೆನು. ಮಾಗಡಿಯವಳು ನಾಣ್ಯವು ಅಲುಗದ ಹಾಗೆ ಮೆಲ್ಲಗೆ ನೀರನ್ನು ಹೊಯ್ದಳು. ನೀರು ಏರಿದಂತೆ ಮರೆಯಾಗಿದ್ದ ನಾಣ್ಯವು ತಳದಿಂದ ಎದ್ದು ಬಂದ ಹಾಗೆ ಅವರ ಕಣ್ಣಿಗೆ ಬಿತ್ತು. ನಾಣ್ಯವು ಇದ್ದಲ್ಲಿಯೇ ಇತ್ತು. ಕಾಣುವ ಸ್ಥಳವು ಮಾತ್ರ ಮೇಲಕ್ಕೆ ಬಂದಿತ್ತು. ಮೊದಲನೆಯ ನಂಬರಿನ ಹುಡುಗಿಯು ಯಾರೂ ಹೇಳುವದಕ್ಕೆ ಮುಂಚೆಯೇ, "ಗುಣಿಸಬೇಕಾಗಿತ್ತು; ನಾಕs ಖರೇ" ಅಂದಳು. ಹಾಗೆ ಅಂದದ್ದು ಆಕೆಗೆ ಭೂಷಣವಾಯಿತೆಂದು ನಾನು ಇಂದಿಗೂ ನೆನೆಯುತ್ತೇನೆ.

ಇದರ ಕಾರಣವು ಸರಳವಾದದ್ದು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3,00,000 ಕಿಲೋಮೀಟರು ಓಡುವ ಬೆಳಕು ನೀರಿನಲ್ಲಿ ಸುಮಾರು 2,25,000 ಕಿಲೋಮೀಟರು ಮಾತ್ರ ಓಡುವದು. ಈ ಎರಡರ ಪ್ರಮಾಣವೇ 4/3. ನೀರಿನಿಂದ ಓರೆಯಾಗಿ ಹೊರಗೆ ಬರುವ ಕಿರಣವು ಆ ಗಡಿಯಲ್ಲಿ ಬಾಗುವದು. ಕಣ್ಣಿಗಾದರೋ ಬಾಗಿದ ದಾರಿ ತಿಳಿಯದು, ಕಿರಣವು ನೆಟ್ಟಗೆ ಬಂತೆಂದೇ ಅದು ಬಗೆಯುವದು. ಆದುದರಿಂದ ತಳವು ಮೇಲೆದ್ದಂತೆ ತೋರುವದು. ದಂಡೆಯ ಮೇಲೆ ನಿಂತು ಓರೆಯಾಗಿ ನೋಡಿದರೆ ಆಳವು ಇನ್ನೂ ಕಡಿಮೆಯಾಗಿ ಕಾಣುವದು. ಮೇಲಿನಿಂದ ನೋಡಿದಾಗ 1.2 ಮೀಟರು, ಅಂದರೆ ಎದೆಮಟ್ಟ, ಎಂದು ಕಾಣುವ ತಿಳಿನೀರು ನಿಜವಾಗಿ 1.6 ಮೀಟರು ಇರುವದು. ಹತ್ತನೆಯ ವರ್ಗದ ಅನೇಕ ಹುಡುಗಿಯರ ತಲೆಯ ಮೇಲೆ ಹೋಗುವಷ್ಟು ನೀರು ಅದು. ಭಾಗಿಸುವದೋ ಗುಣಿಸುವದೋ ಎಂಬ ಸಣ್ಣ ಪ್ರಶ್ನೆಗೆ ಪತ್ರಿಕೆಯಲ್ಲಿ ಎರಡು ಗುಣಗಳು; ಕೆರೆಯ ದಂಡೆಯಲ್ಲಿ ಅದಕ್ಕೆ ಒಂದು ಜೀವದ ಬೆಲೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯನ್ನು ಕಟ್ಟಿದವರು ಇಂಥ ನೀರನ್ನು ಕಂಡವರೇ ಇರಬೇಕು.

ಬಹುಮತಕ್ಕೆ ಎದುರಾಗಿ ಪ್ರಮಾಣಿಸಿ ನೋಡುವ ಈ ಪದ್ಧತಿಯಿಂದಲೇ ಶಾಸ್ತ್ರವೆಲ್ಲವೂ ಬೆಳೆದಿದೆ. ಸಮುದ್ರದ ನೀಲಿಯು ಆಕಾಶದ ನೀಲಿಯ ಪ್ರತಿಬಿಂಬವೇ ಹೊರತು ಬೇರೇನೂ ಅಲ್ಲವೆಂದು ನೋಬೆಲ್ ಬಹುಮಾನ ಪಡೆದ ಲಾರ್ಡ್ ರೇಲೀ ಅವರು ಹೇಳಿದ್ದರು. 1921ರಲ್ಲಿ ಇಂಗ್ಲಂಡದಿಂದ ಹಡಗದಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್ ಅವರು ನಿಕೋಲ್ ಪಟ್ಟಕದ ಸಹಾಯದಿಂದ ನೀರಿನ ಮೇಲಿನ ಪ್ರತಿಬಿಂಬದ ಬೆಳಕನ್ನು ತಡೆದು ನೋಡಿದರು. ನೀಲಿಯು ಅಳಿಯದೆ ಉಳಿಯಿತು. ಹಿರಿಯರ ಉತ್ತರಕ್ಕೆ ತಮ್ಮ ಉತ್ತರವು ತಾಳೆಯಾಗದಿದ್ದಾಗ ಅವರು ತಮ್ಮದನ್ನು ಅಳಿಸಲಿಲ್ಲ, ಪರೀಕ್ಷಿಸಿದರು. ಆ ದಾರಿಯು 1928ರ ಫೆಬ್ರುವರಿ 28ರ ಶೋಧಕ್ಕೂ, 1930ರ ನೋಬೆಲ್ ಬಹುಮಾನಕ್ಕೂ ಅವರನ್ನು ಒಯ್ದಿತು.

ಆ ರಾಮನ್ ಅವರ ಬೆಂಗಳೂರಿನ ಪ್ರಯೋಗಶಾಲೆಯಲ್ಲಿ 1940ರಿಂದ ಕೆಲಸ ಮಾಡಿದ ಅನ್ನಾ ಮಣಿಯವರ ಹೆಸರನ್ನು ನಮ್ಮ ಹುಡುಗಿಯರು ತಿಳಿದಿರಬೇಕು. 1918ರಲ್ಲಿ ತಿರುವಾಂಕೂರಿನ ಪೀರುಮೇಡಿನ ಒಂದು ಸಿರಿಯನ್ ಕ್ರೈಸ್ತ ಮನೆತನದಲ್ಲಿ ಹುಟ್ಟಿದ ಅವರು, 1945ರಲ್ಲಿ ಇಂಗ್ಲಂಡಕ್ಕೆ ಹೋಗಿ ಹವಾಮಾನದ ಉಪಕರಣಗಳ ಅಭ್ಯಾಸ ಮಾಡಿ, 1948ರಲ್ಲಿ ಮರಳಿ ಪುಣೆಯಲ್ಲಿ ಹವಾಮಾನ ಇಲಾಖೆಯನ್ನು ಸೇರಿದರು. ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಒಂದೇ ಪ್ರಮಾಣಕ್ಕೆ ತಂದ ಕೀರ್ತಿಯು ಅವರದು. ಒಂದು ಊರಿನ ಉಷ್ಣಮಾಪಕವು ತೋರಿಸುವ ಅಂಕಿಯನ್ನು ಇನ್ನೊಂದು ಊರಿನ ಅಂಕಿಗೆ ಹೋಲಿಸಬೇಕಾದರೆ ಎರಡೂ ಉಪಕರಣಗಳು ಮೊದಲು ಒಂದು ನಂಬಿಗೆಯ ಉಪಕರಣಕ್ಕೆ ತಾಳೆಯಾಗಬೇಕು. ನಾಲ್ಕು ಕೆಟ್ಟ ಉಷ್ಣಮಾಪಕಗಳು ಒಂದೇ ಅಂಕಿಯನ್ನು ತೋರಿಸಿದ ಮಾತ್ರಕ್ಕೆ ಸೆಕೆಯು ಅಷ್ಟೇ ಆಗದು. ಹುಣಸೆಯ ಗಿಡದ ಕೆಳಗೆ ಬೋಗುಣಿಯ ನೀರು ಮಾಡಿದ್ದೂ ಆ ನಂಬಿಗೆಯ ಉಪಕರಣದ ಕೆಲಸವೇ.

ಇನ್ನು ವೇಳೆಯ ಮಾತು. ನಾನು ಹೇಳಿದ ಸಂಗತಿಯು ಶಾಲೆಯೊಳಗಿನ ಪರೀಕ್ಷೆಯದು. ತಿದ್ದಿಕೊಳ್ಳುವದಕ್ಕೆ ಇನ್ನೂ ವಾರಗಳಿದ್ದವು. ಸಾರ್ವಜನಿಕ ಪರೀಕ್ಷೆಯಲ್ಲಿ ಒಂದು ಪತ್ರಿಕೆಗೂ ಮತ್ತೊಂದಕ್ಕೂ ನಡುವೆ ತಾಳೆ ನೋಡುವದರಿಂದ ಲಾಭವು ಸ್ವಲ್ಪ, ಹಾನಿಯು ಬಹಳ. ಅದಕ್ಕಾಗಿ ನಮ್ಮ ಹುಡುಗಿಯರಿಗೆ ನಾನು ಒಂದು ನೇಮವನ್ನು ಹಾಕಿಕೊಟ್ಟಿದ್ದೆನು: ಪ್ರಶ್ನಪತ್ರಿಕೆಯನ್ನು ಮಡಿಸಿ ಚೀಲದಲ್ಲಿಡಬೇಕು, ಎಲ್ಲ ಪತ್ರಿಕೆಗಳು ಮುಗಿದ ಮೇಲೆಯೇ ತೆಗೆಯಬೇಕು. ಆಗಲಾದರೂ ಅಂಜುವ ಕಾರಣವಿಲ್ಲ. ಮಂಡಲಿಯವರು ಮಾದರಿ ಉತ್ತರಗಳನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಕರೆಯುವರು. ಫಲ ಬಂದ ಮೇಲೆ ಉತ್ತರಪತ್ರಿಕೆಯ ಪ್ರತಿಯನ್ನು ಪಡೆದು ಮರುಮೌಲ್ಯಮಾಪನಕ್ಕೆ ಬೇಡಿಕೊಳ್ಳುವ ಅವಕಾಶವುಂಟು. 2024ರಲ್ಲಿ ಹತ್ತನೆಯ ವರ್ಗದವರಿಗೆ ಒಂದೇ ವರುಷದಲ್ಲಿ ಮೂರು ಸಾರೆ ಪರೀಕ್ಷೆಗಳು ನಡೆದವು. ಒಂದು ತಪ್ಪು ಅಂಕಿಯಿಂದ ಒಂದು ಬಾಳು ಮುಳುಗುವದೆಂದು ಯಾವ ಮಗುವೂ ಭಾವಿಸದಿರಲಿ, ಯಾವ ತಂದೆಯೂ ಹಾಗೆ ಹೇಳದಿರಲಿ.

ಪಾಲಕರಲ್ಲಿ ನನ್ನ ವಿನಂತಿಯು ಇಷ್ಟೇ. ಮಗಳು ಮನೆಗೆ ಬಂದ ಕೂಡಲೇ "ಎಷ್ಟು ಬರತಾವ?" ಎಂದು ಕೇಳುವದು ನಮ್ಮಲ್ಲಿಯ ವಾಡಿಕೆ. ಅದನ್ನು ಬಿಟ್ಟು, ಊಟವಾದ ಮೇಲೆ, "ಯಾವ ಪ್ರಶ್ನೆ ಚಂದ ಇತ್ತು? ನೀ ಹ್ಯಾಂಗ ಬಿಡಿಸಿದಿ?" ಎಂದು ಕೇಳಿ ನೋಡಿರಿ. ನಿಮಗೆ ಸೂತ್ರಗಳು ತಿಳಿಯಬೇಕೆಂಬದಿಲ್ಲ. ಹೊಲದಲ್ಲಿ, ಬಾವಿಯಲ್ಲಿ, ಒಲೆಯ ಮುಂದೆ ನೀವು ಕಂಡದ್ದನ್ನು ಆಕೆಯು ತನ್ನ ಪುಸ್ತಕಕ್ಕೆ ಹಚ್ಚಿ ನೋಡುವಳು. ಆ ಮಾಗಡಿಯ ಹುಡುಗಿಗೆ ಸರಿಯಾದ ಉತ್ತರವನ್ನು ಕೊಟ್ಟದ್ದು ಪುಸ್ತಕಕ್ಕಿಂತ ಮೊದಲು ಆಕೆಯ ಊರಿನ ಕೆರೆಯು. ಆಕೆಯು ಆ ವರುಷ ಚೆನ್ನಾಗಿ ಪಾಸಾಗಿ ವಿಜ್ಞಾನವನ್ನೇ ಆರಿಸಿಕೊಂಡಳು. ತಂದೆಯು ತನ್ನ ಮಾತಿಗೆ ತಪ್ಪದೆ ಕಾಲೇಜಿಗೆ ಕಳಿಸಿದನು.

ಬೆಟಗೇರಿಯಲ್ಲಿ 1841ರಲ್ಲಿ ಬಾಸೆಲ್ ಮಿಶನ್ನಿನವರು ನೆಲೆಯೂರಿದಂದಿನಿಂದ ಈ ಸೀಮೆಯ ಮಿಶನ್ ಶಾಲೆಗಳಲ್ಲಿ ಸತ್ಯವೇದವೂ ಲೆಕ್ಕದ ಪುಸ್ತಕವೂ ಒಂದೇ ಮೇಜಿನ ಮೇಲೆ ಇದ್ದು ಬಂದಿವೆ. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಬಿಡದೆ ಹಿಡಿಯುವಂತೆ ಪೌಲನು ಥೆಸಲೊನೀಕದ ಸಭೆಗೆ ಬುದ್ಧಿ ಹೇಳಿದ್ದನ್ನು ನಾವು ಮುಂಜಾನೆಯ ಪ್ರಾರ್ಥನೆಯಲ್ಲಿ ಕೇಳಿದವರು. ಸಹೋದರಿಯರೇ, ಇಂದು ನಿಮ್ಮಲ್ಲಿ ಕೆಲವರು ದಾದಿಯರು, ಕೆಲವರು ಶಿಕ್ಷಕಿಯರು, ಅನೇಕರು ತಾಯಂದಿರು. ನಿಮ್ಮ ಎದುರಿಗೆ ಒಬ್ಬ ಹುಡುಗಿಯು ನಾಲ್ಕು ಮಂದಿಗೆ ಅಂಜಿ ತನ್ನ ಉತ್ತರವನ್ನು ಅಳಿಸಲು ಹೊರಟಾಗ, ಹ್ಯಾಗೆ ಬಂತೆಂದು ಆಕೆಯನ್ನು ಒಂದು ಸಾರೆ ಕೇಳಿರಿ. ಕರ್ತನು ನಮ್ಮ ಶಾಲೆಯನ್ನೂ ನಿಮ್ಮ ಮಕ್ಕಳನ್ನೂ ಆಶೀರ್ವದಿಸಲಿ.