ಅಜ್ಜಿ ಕಳೆದುಕೊಂಡ ಒತ್ತು

ನಾವು ವೈಟ್ಟಿಲಕ್ಕೆ ಬಂದು ನೆಲಸಿ ಇಪ್ಪತ್ತೆಂಟು ವರ್ಷಗಳಾದವು. ಹೊಸಿಲೊಳಗೆ ಕನ್ನಡ, ಹೊಸಿಲು ದಾಟಿದರೆ ಮಲೆಯಾಳ. ಒಂಬತ್ತು ವರ್ಷದ ಮೊಮ್ಮಗಳಿಗೆ ಕನ್ನಡ ಕಲಿಸಲು ನಮಗಿರುವ ಪಠ್ಯಪುಸ್ತಕವೆಂದರೆ ನಮ್ಮ ಸಂಘದ ಜಾಲಪುಟ. ಅದರಲ್ಲೂ ನಮ್ಮಾಕೆ ಬರೆಯುವ ‘ಅಜ್ಜಿಯ ಅಡುಗೆ’.

ಮೊನ್ನೆ ಹುಡುಗಿ ಅದನ್ನು ನೋಡಿಕೊಂಡು ಕಾಪಿ ಬರೆದಳು. ಪುಸ್ತಕ ತೆರೆದರೆ, ‘ಅಜಿಯ ಅಡುಗೆ: ಅಕಿ ರೊಟಿ’! ನಾನು ನಕ್ಕೆ. “ಬಾಯಲ್ಲಿ ಅಜ್ಜೀ ಎಂದು ಕೂಗುತ್ತೀಯಲ್ಲೇ?” ಎಂದರೆ, “ಹೇಳೋದು ಬೇರೆ, ಬರೆಯೋದು ಬೇರೆ ಅಲ್ವಾ ತಾತ, ಇಂಗ್ಲಿಷಿನ ಹಾಗೆ?” ಎಂದಳು. ನಮ್ಮಾಕೆ ನಗಲಿಲ್ಲ. “ಮಗು ಇದ್ದುದನ್ನೇ ಬರೆದಿದೆ, ನೀವೇ ನೋಡಿ” ಎಂದು ಫೋನನ್ನು ನನ್ನ ಮುಂದೆ ಹಿಡಿದಳು. ನೋಡುತ್ತೇನೆ, ತಲೆಬರಹದ ಒತ್ತಕ್ಷರಗಳೆಲ್ಲ ಬುಡದಲ್ಲಿ ಕತ್ತರಿಸಿಹೋಗಿವೆ!

ಪುಟ ಕಟ್ಟಿದ ಹುಡುಗ ಪರದೇಶ ಸೇರಿಯಾಗಿತ್ತು. ಬೀಗದ ಕೈ ಮಾತ್ರ ನನ್ನಲ್ಲಿತ್ತು. ಬ್ಯಾಂಕಿನ ಲೆಜರು ಬರೆದು ನಿವೃತ್ತನಾದವನಿಗೆ ಸಿ.ಎಸ್.ಎಸ್. ಎಲ್ಲಿ ಗೊತ್ತು? ಅಕ್ಷರದ ಅಳತೆ, ಬಣ್ಣ, ಅಂಚುಗಳನ್ನು ವಿಧಿಸುವ ಸೂತ್ರಗಳು ಅವು. ಹೋಕನ್ ವಿಯುಮ್ ಲೀ ಎಂಬವರು 1994ರಲ್ಲಿ ಸೂಚಿಸಿದ್ದು. ಮೊದಲ ಆವೃತ್ತಿ ಪ್ರಮಾಣವಾದದ್ದು 1996ರಲ್ಲಿ. ಇದಿಷ್ಟು ತಿಳಿಯಲು ಒಂದು ಬೆಳಗು ಹಿಡಿಯಿತು.

ಮೊದಲು ಡಬ್ಲ್ಯೂ3ಸ್ಕೂಲ್ಸ್‌ಗೆ ಹೋದೆ. ಒಂದು ಮಗ್ಗುಲಲ್ಲಿ ಸೂತ್ರ ತಿದ್ದಿ ಗುಂಡಿ ಒತ್ತಿದರೆ ಇನ್ನೊಂದು ಮಗ್ಗುಲಲ್ಲಿ ಫಲ ಕಾಣುತ್ತದೆ; ನನ್ನಂಥ ಮಂದನಿಗೆ ಹೇಳಿ ಮಾಡಿಸಿದ್ದು. ಆಮೇಲೆ ‘ಫ್ಲೆಕ್ಸ್‌ಬಾಕ್ಸ್ ಫ್ರಾಗಿ’ ಎಂಬ ಆಟ. ಸೂತ್ರ ಬರೆದು ಕಪ್ಪೆಗಳನ್ನು ಎಲೆಗಳ ಮೇಲೆ ಕೂರಿಸಬೇಕು, 24 ಮೆಟ್ಟಲು. ಮೊಮ್ಮಗಳು ನನಗಿಂತ ಮೊದಲೇ ಮುಗಿಸಿದಳು. ‘ಸಿ.ಎಸ್.ಎಸ್. ಝೆನ್ ಗಾರ್ಡನ್’ ನೋಡುತ್ತ ಒಂದು ಸಂಜೆಯೇ ಕಳೆಯಿತು. ಡೇವ್ ಶೇ 2003ರಲ್ಲಿ ತೆರೆದದ್ದು; ಬರಹ ಒಂದೇ, ಉಡುಪು ನೂರಾರು. ಕಣ್ಣಿಗೇನೋ ಹಬ್ಬ, ಆದರೆ ಅಜ್ಜಿಯ ಒತ್ತು ಅಲ್ಲೂ ಸಿಗಲಿಲ್ಲ. ವಿಡಿಯೋ ಪಾಠಗಳನ್ನು ನೋಡುವುದಂತೂ ಇನ್ನೊಬ್ಬರು ಉಣ್ಣುವುದನ್ನು ನೋಡಿದಂತೆ.

ದಾರಿ ತೋರಿದವನು ಸಂಘದ ಇನ್ನೊಬ್ಬ ಹುಡುಗ. 2023ರ ಏಪ್ರಿಲಿನಲ್ಲಿ ಜಲಮೆಟ್ರೋ ಶುರುವಾದಂದಿನಿಂದ ಅವನು ಕಾಕ್ಕನಾಡಿನ ಕೆಲಸಕ್ಕೆ ದೋಣಿಯಲ್ಲೇ ಹೋಗುತ್ತಾನೆ. ವೈಟ್ಟಿಲದ ಜೆಟ್ಟಿಯಲ್ಲಿ ಹಿಡಿದು ಕೇಳಿದೆ. “ಅಂಕಲ್, ಕಂಪ್ಯೂಟರಿನಲ್ಲಿ ಪುಟ ತೆರೆದು, ಆ ತಲೆಬರಹದ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಇನ್ಸ್‌ಪೆಕ್ಟ್’ ಎನ್ನಿ. ಒಂದೊಂದೇ ಸೂತ್ರದ ಗುರುತು ತೆಗೆಯುತ್ತ ಬನ್ನಿ. ಅರ್ಥವಾಗದ್ದನ್ನು ಎಂ.ಡಿ.ಎನ್.ನಲ್ಲಿ ನೋಡಿ” ಎಂದು ದೋಣಿ ಹತ್ತಿದ.

ಹಾಗೆಯೇ ಮಾಡಿದೆ. ‘ಓವರ್‌ಫ್ಲೋ: ಹಿಡನ್’ ಎಂಬುದರ ಗುರುತು ತೆಗೆದೆನೋ ಇಲ್ಲವೋ, ಒತ್ತುಗಳೆಲ್ಲ ಕೆಳಗೆ ಇಣುಕಿದವು! ಎಂ.ಡಿ.ಎನ್. ನಿಘಂಟಿನ ಹಾಗೆ ಗಡುಸು. ಆದರೆ ಕಾರಣ ತಿಳಿದದ್ದು ಅಲ್ಲಿಯೇ. ತಲೆಬರಹದ ಪೆಟ್ಟಿಗೆಗೆ ಇಂತಿಷ್ಟೇ ಎತ್ತರವೆಂದು ಕಟ್ಟಿ, ಮೀರಿದ್ದನ್ನು ಮರೆಮಾಡೆಂದು ವಿಧಿಸಿದ್ದರು. ಇಂಗ್ಲಿಷ್ ಅಕ್ಷರಕ್ಕೆ ಆ ಪೆಟ್ಟಿಗೆ ಸಾಕು. ನಮ್ಮ ಅಕ್ಷರಕ್ಕೆ ನೆಲಮಾಳಿಗೆಯೂ ಬೇಕಲ್ಲ! ಎತ್ತರದ ಕಟ್ಟು ಬಿಚ್ಚಿ, ಸಾಲಿನ ಎತ್ತರವನ್ನು ಅಕ್ಷರದಳತೆಯ 1.7 ಪಟ್ಟು ಮಾಡಿದೆ.

ಮೊಮ್ಮಗಳು ಕಾಪಿ ಪುಸ್ತಕ ತಂದು, ಪೆನ್ಸಿಲಿನಿಂದ ಒಂದೊಂದೇ ಒತ್ತು ಸೇರಿಸಿದಳು. ನಮ್ಮಾಕೆ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. “ಅಜ್ಜಿ ಬಂದಳು. ಆದರೆ ತಾತ, ರೊಟ್ಟಿಯ ಚಿತ್ರ ಅರ್ಧ ಹೊರಗೆ ಹೋಗಿದೆಯಲ್ಲ?” ಎಂದಳು ಹುಡುಗಿ.

‘ಗ್ರಿಡ್ ಗಾರ್ಡನ್’ ಎಂದು ಇನ್ನೊಂದು ಆಟವಿದೆಯಂತೆ. ಕ್ಯಾರೆಟ್ಟಿಗೆ ನೀರು ಹಾಕಬೇಕು, 28 ಮೆಟ್ಟಲು. ಈ ರಾತ್ರಿ ಕೂರುತ್ತೇನೆ.