ಕಕ್ಕಡದಲ್ಲಿ ಕೆಟ್ಟ ಲೆನ್ಸು

ಮಡಿಕೇರಿಯ ಚಹಾದಂಗಡೀಲಿ ನಾವು ಕ್ಯಾಮೆರಾ ಹುಚ್ಚರು ಸೇರಿದರೆ ಜಗಳ ಗ್ಯಾರಂಟಿ. 2018ರಲ್ಲಿ ನಿಕಾನ್‌ನವರು ಕನ್ನಡಿಯಿಲ್ಲದ ಝೆಡ್ ಕ್ಯಾಮೆರಾ ತಂದ ಮೇಲಂತೂ ಹಳೇ ಲೆನ್ಸ್ ಇಟ್ಕೊಳ್ಳೋದೋ ಮಾರೋದೋ ಅನ್ನೋದೇ ಮಾತು. ‘ಮುಂಗಾರು ಮಳೆ’ಯಲ್ಲಿ (2006) ಎಸ್. ಕೃಷ್ಣ ಮಳೆಯನ್ನು ಎಷ್ಟು ಚೆಂದ ಹಿಡಿದರು ಅಂತ ಹೊಗಳಿದ್ದೂ ಹೊಗಳಿದ್ದೇ. ಅದೇ ಮಳೆ ಲೆನ್ಸಿಗೆ ಏನು ಮಾಡುತ್ತೆ ಅಂತ ಒಬ್ಬನೂ ಹೇಳಲಿಲ್ಲ ಸ್ವಾಮೀ!

ಪಿಯುಸಿ ಬಿಟ್ಟು, ಲೇಖನ ಬರೆದು ಕೂಡಿಸಿದ ದುಡ್ಡಲ್ಲಿ ಹಳೇ 50 ಎಂಎಂ ಲೆನ್ಸ್ ಕೊಂಡಿದ್ದೆ. ಕಕ್ಕಡದ ಮಳೆಗೆ ಹೆದರಿ ಚರ್ಮದ ಚೀಲದಲ್ಲಿಟ್ಟು ಬೀರು ಮುಚ್ಚಿದೆ. ಜೋಪಾನವಂತೆ! ಹುತ್ತರಿಗೆ ತೆಗೆದು, ಕದಿರು ಹಿಡಿದ ಅಜ್ಜಿಯ ಪಟ ತೆಗೆದರೆ ಮುಖವೆಲ್ಲ ಮಂಜು ಮಂಜು. ಬೆಳಕಿಗೆ ಹಿಡಿದು ನೋಡಿದೆ. ಗಾಜಿನೊಳಗೆ ಜೇಡರ ಬಲೆಯಂಥ ಬೂಷ್ಟು, ಲೇಪನವನ್ನೇ ತಿಂದುಹಾಕಿತ್ತು.

ಮುಂದಿನ ಹುತ್ತರಿಗೆ ಅಜ್ಜಿ ಇರಲಿಲ್ಲ. ಆ ಮಸುಕು ಪಟಕ್ಕೇ ಹಾರ ಹಾಕಿದ್ದೇವೆ.

ಗೆಳೆಯರೇ, ಚರ್ಮ ತೇವ ಹಿಡಿಯುತ್ತೆ, ಬೂಷ್ಟಿಗೂ ಊಟವಾಗುತ್ತೆ. ಗಾಳಿಯಾಡದ ಡಬ್ಬಿ, ಒಂದು ಹಿಡಿ ಸಿಲಿಕಾ ಜೆಲ್ ಸಾಕು. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿ. ವಾರಕ್ಕೊಮ್ಮೆ ಲೆನ್ಸ್ ಹೊರಗೆ ತೆಗೆದು ಬಳಸಿ.

ಈಗ ಯಾರೇ ಹೊಸ ಲೆನ್ಸಿನ ಸುದ್ದಿ ತರಲಿ, ನಾನು ಕೇಳೋದು ಒಂದೇ: ಡಬ್ಬಿ ತಂದಿಯಾ ಮಾರಾಯ?